ಭತ್ತದ ‘ಸಟೈವಾ’ ಬೆಳ್ಳುಳ್ಳಿಗೆ ‘ಸಟೈವಮ್’ ಆದದ್ದು ಹೇಗೆ?

ಭತ್ತ ಒರೈಜಾ ಸಟೈವಾ, ಸೌತೆ ಕುಕ್ಯುಮಿಸ್ ಸಟೈವಸ್, ಬೆಳ್ಳುಳ್ಳಿ ಅಲಿಯಮ್ ಸಟೈವಮ್. ಪರೀಕ್ಷೆಗೆಂದು ಸಸ್ಯಗಳ ಈ ಲ್ಯಾಟಿನ್ ವೈಜ್ಞಾನಿಕ ಹೆಸರುಗಳನ್ನು ಉರುಹೊಡೆದವರಿಗೆ ಒಂದು ಅನುಮಾನ ಬಂದಿರಲೇಬೇಕು: ಒಂದೇ ಪದಕ್ಕೆ ಮೂರು ಬಾಲ ಏಕೆ?

ಮೊದಲು ಬಾಲ ಬಿಟ್ಟು ಬುಡ ನೋಡಿ. ಲ್ಯಾಟಿನ್ನಿನಲ್ಲಿ ‘ಸೆರೆರೆ’ ಎಂದರೆ ಬಿತ್ತುವುದು, ‘ಸತುಸ್’ ಎಂದರೆ ಬಿತ್ತಿದ. ಅದಕ್ಕೆ ‘ಈವುಸ್’ ಪ್ರತ್ಯಯ ಸೇರಿ ‘ಸತೀವುಸ್’ ಆಯಿತು: ತಾನಾಗಿ ಹುಟ್ಟದೆ, ಬಿತ್ತಿ ಬೆಳೆಸಿದ್ದು. ನಾವು ಓದುವ ಸಟೈವಸ್ ಅದರ ಇಂಗ್ಲಿಷ್ ಉಚ್ಚಾರಣೆ. ಇದೇ ಬುಡದ ‘ಸತಿಯೊ’, ಅಂದರೆ ಬಿತ್ತನೆ, ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ‘ಸೀಸನ್’ ಆಗಿದೆ. ಮಾವಿನ ಸೀಸನ್ ಎನ್ನುವಾಗ ನಮ್ಮ ಬಾಯಲ್ಲಿರುವುದು ರೋಮನ್ ರೈತನ ಮಾತು!

ಈಗ ಬಾಲಕ್ಕೆ ಬನ್ನಿ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ ಎನ್ನುವಾಗ ಕನ್ನಡದ ವಿಶೇಷಣ ಕದಲುವುದಿಲ್ಲ. ಸಂಸ್ಕೃತದಲ್ಲಿ ಹಾಗಲ್ಲ, ನವಃ, ನವಾ, ನವಮ್ ಎಂದು ನಾಮಪದದ ಲಿಂಗಕ್ಕೆ ತಕ್ಕಂತೆ ರೂಪ ಬದಲಾಗುತ್ತದೆ. ಲ್ಯಾಟಿನ್ನಿನಲ್ಲಿ ಅದೇ ಪದ ನೋವುಸ್, ನೋವಾ, ನೋವುಮ್. ಎರಡೂ ಒಂದೇ ಮನೆತನದ ಭಾಷೆಗಳಲ್ಲವೇ? ಹಾಗೆಯೇ ಸಟೈವಸ್ ಪುಲ್ಲಿಂಗ, ಸಟೈವಾ ಸ್ತ್ರೀಲಿಂಗ, ಸಟೈವಮ್ ನಪುಂಸಕ. ಮೂಲಂಗಿಯ ರಫಾನಸ್ ಪಕ್ಕದಲ್ಲಿ ಏನು ಬರಬೇಕು? ಸಟೈವಸ್. ಕೊತ್ತಂಬರಿಯ ಕೊರಿಯಾಂಡ್ರಮ್‌ಗೆ? ಸಟೈವಮ್.

ಎಡವುವುದು ಇಲ್ಲಿಯೇ. ಮೊದಲ ಪದದ ಕೊನೆಯನ್ನು ನೋಡಿ ಲಿಂಗ ತೀರ್ಮಾನಿಸಬೇಡಿ. ಅರಳಿ ಮರ ಫೈಕಸ್ ರಿಲಿಜಿಯೋಸಾ. ‘ಅಸ್’ ಎಂದು ಮುಗಿದರೂ ಫೈಕಸ್ ಹೆಣ್ಣು, ಏಕೆಂದರೆ ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ. ಗೊಂದಲವಾದರೆ ಹಿಂದುಮುಂದಾಗಿ ಓದಿ: ಮೊದಲ ಪದದ ಲಿಂಗವನ್ನು ಸಾಮಾನ್ಯವಾಗಿ ಎರಡನೆಯ ಪದವೇ ಹೇಳುತ್ತದೆ.

ಇನ್ನು ಅರ್ಥವನ್ನು ಅಕ್ಷರಶಃ ಹಿಡಿಯಬೇಡಿ. ಕೇಸರಿ ಕ್ರೋಕಸ್ ಸಟೈವಸ್, ಆದರೆ ಅದು ಬೀಜವನ್ನೇ ಕಟ್ಟುವುದಿಲ್ಲ; ಗೆಡ್ಡೆ ನೆಡಬೇಕು. ಬೆಳ್ಳುಳ್ಳಿಯನ್ನೂ ಎಸಳು ಬಿಡಿಸಿ ಊರುತ್ತೇವೆ. 1753ರಲ್ಲಿ ಈ ಹೆಸರುಗಳನ್ನಿಟ್ಟ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ಗೆ ‘ಬೆಳೆಸುವಂಥದ್ದು’ ಎಂಬಷ್ಟೇ ಅರ್ಥ ಸಾಕಾಗಿತ್ತು. ಹಾಗೆಂದು ಬೆಳೆಸುವುದೆಲ್ಲ ಸಟೈವಾ ಅಲ್ಲ. ಪಶ್ಚಿಮ ಆಫ್ರಿಕದ ರೈತರು ತಲೆತಲಾಂತರದಿಂದ ಬಿತ್ತುತ್ತಿರುವ ಭತ್ತದ ಹೆಸರು ಒರೈಜಾ ಗ್ಲಾಬೆರಿಮಾ, ಅಂದರೆ ತೀರಾ ನುಣುಪಾದದ್ದು.