ದೊಡ್ಡವಳಿಗೆ ಒಸಿಡಿ, ಚಿಕ್ಕವನಿಗೂ ಬರುತ್ತಾ? ಗಾಬರಿಯಾದಾಗ ಏನು ಮಾಡಬೇಕು

ಮಗಳಿಗೆ ಹದಿಮೂರು ತುಂಬಿದ ವರ್ಷ ಡಾಕ್ಟರು ಒಸಿಡಿ ಅಂದರು, ಅಂದರೆ ಗೀಳು ಕಾಯಿಲೆ: ಬೇಡದ ಯೋಚನೆ ಮತ್ತೆ ಮತ್ತೆ ಕಾಡುವುದು, ಅದಕ್ಕೆ ಕೈ ತೊಳೆಯುವಂಥ ಕೆಲಸವನ್ನು ಪದೇ ಪದೇ ಮಾಡುವುದು. ಮನೆಗೆ ಬಂದವಳೇ ನಾನು ಮಗನ ಕೈ ಹಿಡಿದು ನೋಡಿದೆ. ಅವನಿಗೆ ಆಗ ಒಂಬತ್ತು. ತೊಳೆದು ತೊಳೆದು ಚರ್ಮ ಬಿರಿದಿದೆಯಾ ಅಂತ ಅಂಗೈ ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲಿನ ಒಂದು ತಿಂಗಳು ನಲ್ಲಿ ಶಬ್ದ ಕೇಳಿದರೆ ಸಾಕು, ಇದ್ದ ಕೆಲಸ ಬಿಟ್ಟು ಕಿವಿ ಕೊಡುತ್ತಿದ್ದೆ.

ನೀವೂ ಇದೇ ಗಾಬರಿಯಲ್ಲಿದ್ದರೆ, ನಾನು ಎಡವಿದ ಜಾಗಗಳನ್ನು ಹೇಳುತ್ತೇನೆ. ನಿಮಗೆ ಆ ಒಂದು ತಿಂಗಳಾದರೂ ಉಳಿದೀತು.

ಮೊದಲು ಡಾಕ್ಟರ ಹತ್ತಿರ ಕೇಳುವ ಪ್ರಶ್ನೆ ಬದಲಾಯಿಸಿ. "ಇವನಿಗೂ ಬರುತ್ತಾ?" ಅಂದರೆ ಯಾರೂ ಉತ್ತರ ಕೊಡಲಾರರು. ಅದನ್ನು ಹೇಳುವ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. "ಇವನಂಥ ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಬರಬಹುದು?" ಅಂತ ಕೇಳಿ. ನಾನು ಎಲ್ಲೋ "ನಾಲ್ಕು ಪಟ್ಟು ಜಾಸ್ತಿ" ಅಂತ ಓದಿ ನಿದ್ದೆ ಕೆಡಿಸಿಕೊಂಡಿದ್ದೆ. ಯಾವುದರ ನಾಲ್ಕು ಪಟ್ಟು ಅಂತ ನೋಡಿರಲಿಲ್ಲ. ಒಸಿಡಿ ಒಟ್ಟು ಜನರಲ್ಲಿ ನೂರಕ್ಕೆ 2–3 ಮಂದಿಗೆ ಬರುತ್ತದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ನೂರಕ್ಕೆ ಹತ್ತರ ಆಸುಪಾಸು. ಮೊದಲನೆಯವರಿಗೆ ಚಿಕ್ಕ ವಯಸ್ಸಲ್ಲೇ ಶುರುವಾಗಿದ್ದರೆ ಇನ್ನಷ್ಟು ಜಾಸ್ತಿ ಇರಬಹುದು. ಅಪಾಯ ಇಲ್ಲ ಅನ್ನುವ ಹಾಗಿಲ್ಲ. ಆದರೆ ಬಹುಪಾಲು ತಮ್ಮ ತಂಗಿಯರಿಗೆ ಬರುವುದಿಲ್ಲ.

ಇನ್ನೊಂದು ಮಾತು ನನ್ನ ದಾರಿ ತಪ್ಪಿಸಿತ್ತು. ಒಸಿಡಿಯಲ್ಲಿ ಜೀನ್‌ಗಳ ಪಾಲು ಸುಮಾರು ಅರ್ಧ ಅಂತ ಬರೆದಿರುತ್ತಾರೆ. ಹಾಗಾದರೆ ಮಗನಿಗೆ ಬರುವ ಸಾಧ್ಯತೆಯೂ ಅರ್ಧ ಅಂದುಕೊಂಡೆ. ಅದು ಬೇರೆ ಲೆಕ್ಕ. ಜನಜನರ ನಡುವಿನ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲೆಷ್ಟು ಅಂತಷ್ಟೇ ಅದು ಹೇಳುತ್ತದೆ. ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಸ್ಕಿಜೋಫ್ರೇನಿಯಾ ನೋಡಿ, ಅದರಲ್ಲೂ ಜೀನ್‌ಗಳ ಪಾಲು ದೊಡ್ಡದೇ. ಆದರೂ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಬರುತ್ತದೆ. ಒಂದೇ ಜೀನ್ ಹೊತ್ತ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ.

ನಿಮ್ಮ ಮಗುವಿನ ಕಾಯಿಲೆಗೆ ಅದರದ್ದೇ ಅಂಕಿ ಕೇಳಿ. ಆಟಿಸಂನಲ್ಲಿ ನಂತರ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 20. ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ ಎಡಿಎಚ್‌ಡಿಯೂ ಮನೆಯೊಳಗೆ ಜಾಸ್ತಿಯೇ ಹರಿಯುತ್ತದೆ. ಅಕ್ಕನಿಗೆ ಬಂದದ್ದೇ ತಮ್ಮನಿಗೆ ಬರಬೇಕು ಅಂತಲೂ ಇಲ್ಲ. ಒಬ್ಬರಿಗೆ ಒಸಿಡಿ ಇದ್ದರೆ ಇನ್ನೊಬ್ಬರಲ್ಲಿ ಆತಂಕವಾಗಿಯೋ, ಪದೇ ಪದೇ ಕಣ್ಣು ಮಿಟುಕಿಸುವ ಟಿಕ್ ಆಗಿಯೋ ಕಾಣಬಹುದು.

ಲೆಕ್ಕ ಅಲ್ಲಿಗೆ ಮುಗಿಯಿತು. ಕಷ್ಟ ಇರುವುದು ಮನೆಯಲ್ಲಿ.

ಮಗ ನಿಜವಾಗಿಯೂ ಕೈ ತೊಳೆಯುತ್ತಿದ್ದ. ನಾನು ಎಣಿಸಿದೆ. ಒಂದು ಸಂಜೆ ಏಳು ಸಲ. ಫ್ರಿಜ್ ಪಕ್ಕದ ಕ್ಯಾಲೆಂಡರಿನಲ್ಲಿ ಪೆನ್ಸಿಲಿಂದ ಗೀರು ಹಾಕಿದೆ. ವಾರದ ಕೊನೆಗೆ ಗೀರುಗಳನ್ನು ನೋಡಿ ಅತ್ತೂಬಿಟ್ಟೆ. ಅವನನ್ನು ಮಾತ್ರ ಒಂದು ಮಾತೂ ಕೇಳಿರಲಿಲ್ಲ. ಕೊನೆಗೆ ಟವೆಲ್ ಕೊಡುವಾಗ ಸುಮ್ನೆ ಕೇಳಿದೆ, "ತೊಳೀದೇ ಇದ್ರೆ ಏನಾಗುತ್ತೋ?"

"ನಂಗೇನಾಗುತ್ತೆ? ಅಕ್ಕ ಅಳ್ತಾಳೆ. ತೊಳೀದೆ ಅವಳ ಪೆನ್ಸಿಲ್ ಬಾಕ್ಸ್ ಮುಟ್ಟಂಗಿಲ್ಲ."

ಅವನು ಅಕ್ಕನ ಕಾನೂನು ಪಾಲಿಸುತ್ತಿದ್ದ, ಅಷ್ಟೇ. ಆಮೇಲೆ ಗಮನಿಸಿದರೆ ರಾತ್ರಿ ಅವಳು "ಬಾಗಿಲು ಹಾಕಿದೆಯಾ?" ಅಂತ ಕೇಳಿದಾಗಲೆಲ್ಲ ಇವನೇ "ಹಾಕಿದೆ" ಅನ್ನುತ್ತಿದ್ದ, ಪುಸ್ತಕದಿಂದ ತಲೆ ಎತ್ತದೆ, ಹತ್ತು ಸಲವಾದರೂ. ಮನೆಯವರು ಹೀಗೆ ಕಾಯಿಲೆಯ ತಾಳಕ್ಕೆ ಕುಣಿದಷ್ಟೂ ಒಸಿಡಿ ಬಲಿಯುತ್ತದೆ. ಚಿಕ್ಕ ಮಕ್ಕಳು ಅದರೊಳಗೆ ಸಿಕ್ಕಿಕೊಂಡದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅದಕ್ಕೇ ಎಣಿಸುವ ಮೊದಲು ಕೇಳಿ. ಹಗುರವಾಗಿ ಕೇಳಿ, ಕಣ್ಣಲ್ಲಿ ಕಣ್ಣಿಟ್ಟು ಬೇಡ. "ಮಾಡದಿದ್ರೆ ಏನಾಗುತ್ತೆ?" ಅನ್ನುವ ಒಂದೇ ಪ್ರಶ್ನೆ ತುಂಬ ಹೇಳುತ್ತದೆ. "ಅಮ್ಮನಿಗೆ ಏನೋ ಆಗುತ್ತೆ", "ಸರಿ ಅನ್ನಿಸೋವರೆಗೂ ಬಿಡಕ್ಕಾಗಲ್ಲ" ಅನ್ನುವಂಥ ಉತ್ತರ ಬಂದರೆ ಬರೆದಿಟ್ಟುಕೊಂಡು ಡಾಕ್ಟರಿಗೆ ಹೇಳಿ. ಬೇಸರ, ಅನುಕರಣೆ, ಯಾರದೋ ಒತ್ತಾಯ ಇದ್ದರೆ ಅದಕ್ಕೆ ಬೇರೆ ದಾರಿ. ಎರಡರಿಂದ ಆರು ವರ್ಷದ ಮಕ್ಕಳು ಅದೇ ತಟ್ಟೆ ಬೇಕು, ಅದೇ ಕಥೆ ಬೇಕು ಅಂತ ಹಟ ಮಾಡುವುದು ವಯಸ್ಸಿನ ಸಹಜ ಗುಣ.

ನನ್ನ ಗೀರುಗಳ ವಿಷಯ ಡಾಕ್ಟರಿಗೆ ಹೇಳಿದೆ. ಅವರು ನಕ್ಕು, "ಹಾಗಾದ್ರೆ ದಿನಾ ಚೆಕ್ ಮಾಡ್ತಿರೋದು ಯಾರು?" ಅಂದರು. ಉತ್ತರ ಹೇಳಬೇಕಾಗಿರಲಿಲ್ಲ. ಪ್ರತಿ ರಾತ್ರಿ "ನೀನು ಚೆನ್ನಾಗಿದೀಯಲ್ವಾ?" ಅಂತ ಅವನನ್ನು ಕೇಳಿ, "ಹೂಂ" ಅನ್ನಿಸಿಕೊಂಡೇ ನಾನು ಮಲಗುತ್ತಿದ್ದೆ. ಅದನ್ನು ನಿಲ್ಲಿಸಿದೆ. ಮೊದಲ ವಾರ ನಿದ್ದೆ ಬರಲಿಲ್ಲ. ವಾರಕ್ಕೊಂದು ಸಲ ಅವನೊಬ್ಬನನ್ನೇ ಕರೆದುಕೊಂಡು ವಾಕಿಂಗ್ ಹೋಗುವುದನ್ನು ಶುರುಮಾಡಿದೆ. ಆ ಹೊತ್ತಲ್ಲಿ ಅಕ್ಕನ ಸುದ್ದಿ ಎತ್ತುವುದಿಲ್ಲ. ಅವನೇ ಎತ್ತಿದರೆ ಸರಿ.

ಅವನೇ ಎತ್ತಿದ. "ನಂಗೂ ಬರುತ್ತಾ?" ಇಂಥ ಪ್ರಶ್ನೆಗೆ "ಛೀ, ಇಲ್ಲಪ್ಪ" ಅನ್ನಬೇಡಿ. ನಾಳೆ ನಿಜವಾಗಿ ಏನಾದರೂ ಅನ್ನಿಸಿದರೆ ಅವರು ನಿಮಗೆ ಹೇಳುವುದಿಲ್ಲ. ನಾನು ಅಂದದ್ದು ಇಷ್ಟು: "ನೆಗಡಿ ಥರ ಅಂಟಲ್ಲ. ನೀನು ಏನೋ ಮಾಡಿದ್ದಕ್ಕೆ ಅಕ್ಕನಿಗೆ ಬಂದಿಲ್ಲ. ನಿಂಗೆ ಬರದೇ ಇರೋ ಸಾಧ್ಯತೆನೇ ಜಾಸ್ತಿ. ಬಂದ್ರೆ ನಮಗೆ ಬೇಗ ಗೊತ್ತಾಗುತ್ತೆ, ಡಾಕ್ಟರೂ ಗೊತ್ತು." ಮೂರು ನಿಮಿಷ ಯೋಚಿಸಿ ಅವನು ಕೇಳಿದ್ದು, "ಹಾಗಾದ್ರೆ ಪೆನ್ಸಿಲ್ ಬಾಕ್ಸ್ ಮುಟ್ಟಬಹುದಾ?"

ಅದನ್ನು ಥೆರಪಿಸ್ಟ್ ಜೊತೆ ಕೂತು ತೀರ್ಮಾನ ಮಾಡಿದೆವು. ಬಾಗಿಲ ಪ್ರಶ್ನೆಗೆ ಅವನು ಒಂದೇ ಸಲ ಉತ್ತರ ಕೊಡುವುದು, ಅದು ಮಗಳ ಒಪ್ಪಿಗೆ ಪಡೆದೇ. ಒಮ್ಮೆಲೇ ಎಲ್ಲ ನಿಲ್ಲಿಸಲು ಹೋಗಬೇಡಿ, ಮನೆ ರಣರಂಗವಾಗುತ್ತದೆ.

ಚಿಕ್ಕ ಮಗುವನ್ನು ಯಾವಾಗ ತೋರಿಸಬೇಕು? ಒಂದೇ ಕೆಲಸ, ಒಂದೇ ಯೋಚನೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ತಿನ್ನುತ್ತಿದ್ದರೆ. ನಿದ್ದೆ, ಊಟ, ಶಾಲೆ, ಗೆಳೆಯರು ಯಾವುದಾದರೂ ವಾರಗಟ್ಟಲೆ ಕೆಟ್ಟರೆ. ಸಾಯುವ ಮಾತಾಡಿದರೆ ಅದೇ ದಿನ. ಹೋದಾಗ ಅಕ್ಕನ ಕಾಯಿಲೆ ಯಾವ ವಯಸ್ಸಿಗೆ ಶುರುವಾಯಿತು, ಮನೆಯಲ್ಲಿ ಇನ್ಯಾರಿಗಿತ್ತು, ಯಾವ ಔಷಧಿ ಹಿಡಿಯಿತು ಅಂತ ಬರೆದುಕೊಂಡು ಹೋಗಿ. ಹುಡುಗರಲ್ಲಿ ಒಸಿಡಿ ಸಾಮಾನ್ಯವಾಗಿ ಹುಡುಗಿಯರಿಗಿಂತ ಬೇಗ ಶುರುವಾಗುತ್ತದೆ, ಹಾಗಾಗಿ ಅಕ್ಕನ ವಯಸ್ಸು ಬರಲಿ ಅಂತ ಕಾಯಬೇಡಿ.

ಅವನಿಗೀಗ ಹನ್ನೊಂದು. ಗಣಿತ ಪರೀಕ್ಷೆ ದಿನ ಮಾತ್ರ ಹೊಟ್ಟೆನೋವು ಬರುತ್ತದೆ. ಊಟಕ್ಕೆ ಮುಂಚೆ ಕೈ ತೊಳೆಯೋ ಅಂತ ಮೂರು ಸಲ ಕೂಗಬೇಕು.