ಜೀಪಿನ ಕಂಪ್ರೆಸರ್ ಮತ್ತು ನಾನೇ ಸುತ್ತಿದ ಟೇಪು

ಬಣಕಲ್ ಹತ್ತಿರದ ನಮ್ಮ ತೋಟಕ್ಕೆ ಟಾರು ರಸ್ತೆಯಿಂದ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಬೇಸಿಗೆಯಲ್ಲಿ ಆಟೋನೂ ಬರುತ್ತದೆ. ಜೂನ್ ಮಳೆ ಹಿಡಿಯಿತೆಂದರೆ ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿ ಗೇಟಿನ ಹತ್ತಿರವೇ ನಿಲ್ಲಬೇಕು. ನಮ್ಮ ಹಳೇ ಎಂಎಂ 540 ಜೀಪು ಕೂಡ ಟೈರಿನಲ್ಲಿ 30 ಪಿಎಸ್‌ಐ ಗಾಳಿ ಇದ್ದರೆ ಎರಡನೇ ಏರಿನಲ್ಲಿ ಕೆಸರು ಕಲಸುತ್ತಾ ನಿಂತುಬಿಡುತ್ತದೆ. 18ಕ್ಕೆ ಇಳಿಸಿದರೆ ಟೈರು ಅಗಲವಾಗಿ ಕೂತು ಹಿಡಿತ ಸಿಗುತ್ತದೆ, ಸಲೀಸಾಗಿ ಹತ್ತುತ್ತದೆ. ಹಾಗಂತ ಅದೇ ಗಾಳಿಯಲ್ಲಿ ಟಾರಿಗಿಳಿದು ಮೂಡಿಗೆರೆಯವರೆಗೆ ಓಡಿಸಿದರೆ ಟೈರು ಕಾದು ಪಕ್ಕದ ಗೋಡೆ ಹಾಳಾಗುತ್ತದೆ. ಪಂಚರ್ ಅಂಗಡಿ ಇರುವುದು ಪೇಟೆಯಲ್ಲಿ. ಅದಕ್ಕೇ ನಾಲ್ಕು ವರ್ಷದ ಹಿಂದೆ ಹಿಂದಿನ ಸೀಟಿನ ಕೆಳಗೆ ಟೈರಿಗೆ ಗಾಳಿ ತುಂಬುವ 12 ವೋಲ್ಟಿನ ಕಂಪ್ರೆಸರ್, ಅದರ ಪಕ್ಕ ನಾಲ್ಕು ಲೀಟರಿನ ಪುಟ್ಟ ಟ್ಯಾಂಕ್ ನಾನೇ ಕೂರಿಸಿದ್ದೆ. ಟ್ಯಾಂಕಿನ ಒತ್ತಡ 85ಕ್ಕೆ ಇಳಿದಾಗ ಮೋಟಾರ್ ಆನ್, 105 ಮುಟ್ಟಿದಾಗ ಆಫ್. ಒಂದು ಟೈರು 18ರಿಂದ 30ಕ್ಕೆ ಬರಲು ಮೂರು ನಿಮಿಷ ಸಾಕಾಗುತ್ತಿತ್ತು.

ಹೋದ ಮಳೆಗಾಲದಲ್ಲಿ ಆ ಮೂರು ನಿಮಿಷ ಐದಾಯಿತು, ಆಮೇಲೆ ಎಂಟಾಯಿತು. ಮೋಟಾರಿನ ದನಿಯೇ ಬದಲಾಗಿತ್ತು, ಜ್ವರ ಬಂದವರು ನರಳಿದ ಹಾಗೆ. ಒಂದು ಸಂಜೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟವರು ಮೂರನೇ ಟೈರಿಗೆ ಗಾಳಿ ಹಿಡಿಯುವಾಗ ಮೋಟಾರ್ ಪೂರ್ತಿ ನಿಂತೇಹೋಯಿತು. ಜೊತೆಗಿದ್ದ ನನ್ನ ಭಾಮೈದ ಕೊಡೆ ಹಿಡಿದುಕೊಂಡು, "ಭಾವ, ಒಂದು ಸೈಕಲ್ ಪಂಪ್ ತಂದಿದ್ರೆ ಇಷ್ಟೊತ್ತಿಗೆ ಮುಗೀತಿತ್ತು" ಅಂದ. ಇಪ್ಪತ್ತು ನಿಮಿಷ ಬಿಟ್ಟು ಸ್ವಿಚ್ ಒತ್ತಿದರೆ ಮತ್ತೆ ಓಡಿತು! ಮೋಟಾರ್ ಮಿತಿ ಮೀರಿ ಕಾದರೆ ತಾನೇ ನಿಂತು, ತಣ್ಣಗಾದ ಮೇಲೆ ತಾನೇ ಸರಿಹೋಗುವ ಥರ್ಮಲ್ ಕಟಾಫ್ ಅದರೊಳಗೆ ಇರುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಆದರೆ ಮಳೆಯಲ್ಲಿ ನೆನೆಯುತ್ತಾ ನಿಂತವನಿಗೆ ಅದು ಎಲ್ಲಿ ನೆನಪಾಗಬೇಕು. ಯಾಕೆ ಕಾಯಿತು ಅನ್ನುವುದೇ ಮುಖ್ಯ ಪ್ರಶ್ನೆ, ಅದನ್ನು ಆವತ್ತು ಕೇಳಿಕೊಳ್ಳಲಿಲ್ಲ.

ಮಾರನೇ ದಿನ ಎಲ್ಲರೂ ಮಾಡುವುದನ್ನೇ ಮಾಡಿದೆ. ಫ್ಯೂಸ್ ತೆಗೆದು ನೋಡಿದೆ, ಸರಿಯಿತ್ತು. ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ, ಟಕ್ ಅನ್ನುತ್ತಿತ್ತು, ಆದರೂ ಅನುಮಾನಕ್ಕೆ ಹೊಸದು ಹಾಕಿದೆ. ಮೋಟಾರಿನ ಕನೆಕ್ಟರ್ ಬಿಚ್ಚಿ ಟೆಸ್ಟ್ ಲ್ಯಾಂಪ್ ಹಿಡಿದರೆ ಝಗ್ಗನೆ ಉರಿಯಿತು. ಮೀಟರ್ ಇಟ್ಟರೆ 12.6. ವೈರಿಂಗ್ ಮಾಡುವ ಪರಿಚಯದವರೊಬ್ಬರು ಫೋನಿನಲ್ಲೇ, "ಕರೆಂಟ್ ಬರ್ತಿದೆ ಅಂದ್ಮೇಲೆ ಮೋಟಾರೇ ಹೋಗಿರೋದು ಗೌಡ್ರೇ, ಹೊಸದು ತರಿಸಿ" ಅಂದರು. ನಾನೂ ನಂಬಿ ಬೆಲೆ ವಿಚಾರಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ರಾತ್ರಿ ಮಲಗಿದಾಗ ಹೊಳೆಯಿತು. ಟೆಸ್ಟ್ ಲ್ಯಾಂಪಿನ ಬಲ್ಬಿಗೆ ಬೇಕಿರುವುದು ಒಂದು ಆಂಪಿಯರಿಗಿಂತಲೂ ಕಡಿಮೆ. ವೈರು ಕೊಳೆತು ಒಂದೇ ಎಳೆ ಉಳಿದಿದ್ದರೂ ಅದು ಖುಷಿಯಿಂದ ಉರಿಯುತ್ತದೆ. ಮೀಟರ್ ಎಳೆಯುವ ಕರೆಂಟಂತೂ ಲೆಕ್ಕಕ್ಕೇ ಇಲ್ಲ. ನನ್ನ ಕಂಪ್ರೆಸರ್ ಎಳೆಯುವುದು 25 ಆಂಪಿಯರ್. ಮೋಟಾರ್ ಬಿಚ್ಚಿಟ್ಟು ವೋಲ್ಟೇಜ್ ನೋಡುವುದೂ ಖಾಲಿ ಗಾಡಿಯನ್ನು ಏರು ಹತ್ತಿಸಿ ಲೋಡ್ ಎಳೆಯುತ್ತದೆ ಅನ್ನುವುದೂ ಒಂದೇ.

ಬೆಳಿಗ್ಗೆ ಕನೆಕ್ಟರ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಕಂಪ್ರೆಸರ್ ಓಡುತ್ತಿರುವಾಗಲೇ ಅಳೆದೆ. ಬ್ಯಾಟರಿಯ ಮೇಲೆ 13.8. ಮೋಟಾರಿನ ಎರಡು ತುದಿಗಳ ನಡುವೆ ಬರೀ 9.1. ದಾರಿಯಲ್ಲಿ 4.7 ವೋಲ್ಟ್ ಮಾಯ. ಅದು ಎಲ್ಲಿ ಹೋಯಿತು ಎಂದು ಹುಡುಕುವ ಉಪಾಯ ಸುಲಭ: ಮೋಟಾರ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಮೋಟಾರಿನ ಪ್ಲಸ್ಸಿಗೆ ಇಡುವುದು. ಸೊನ್ನೆಯ ಆಸುಪಾಸು ಇರಬೇಕಾದದ್ದು 1.1 ತೋರಿಸಿತು. ಅದೇ ರೀತಿ ಬ್ಯಾಟರಿಯ ಮೈನಸ್ಸಿನಿಂದ ಮೋಟಾರಿನ ಮೈನಸ್ಸಿಗೆ ಇಟ್ಟರೆ 3.6! ಕಳ್ಳ ಇದ್ದದ್ದು ಅರ್ತಿನಲ್ಲಿ, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿಯಲ್ಲಿ.

ಸೀಟಿನ ಕೆಳಗೆ, ನೆಲದ ತಗಡಿಗೇ ಬೋಲ್ಟ್ ಹಾಕಿ ಅರ್ತ್ ಕೊಟ್ಟಿದ್ದೆ. ಕೂರಿಸಿದ ದಿನ ಪೇಂಟ್ ಕೆರೆದಿದ್ದೆನೋ ಇಲ್ಲವೋ, ದೇವರಿಗೇ ಗೊತ್ತು. ಬ್ಯಾಟರಿ ಕಳಚಿಟ್ಟು ಬೋಲ್ಟ್ ಬಿಚ್ಚಲು ಹೋದರೆ ಅರ್ಧ ಸುತ್ತಿಗೇ ತುಂಡಾಯಿತು. ವೈರಿನ ತುದಿಗೆ ಹಾಕುವ ಲೋಹದ ಬಳೆ, ಅಂದರೆ ಲಗ್ಗಿನ ಅಡಿಯಲ್ಲಿ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತ್ತು. ಲಗ್ಗಿಗೂ ತಾಮ್ರಕ್ಕೂ ಮಧ್ಯೆ ಹಸಿರು ಪುಡಿ. ಕೆಸರು ಬೂಟುಗಳ ನೀರೆಲ್ಲ ಅಲ್ಲೇ ಇಳಿಯುವುದು. ನಮ್ಮ ಕಡೆಯ ಮಳೆಗೆ ಮೊಳೆಯೂ ಮೊಳಕೆ ಒಡೆಯುತ್ತದೆ, ಇನ್ನು ಬೋಲ್ಟ್ ಯಾವ ಲೆಕ್ಕ.

ಇದ್ದ ಬೋಲ್ಟನ್ನೇ ಉಜ್ಜಿ ಹಾಕುವ ಆಸೆ ಬಿಟ್ಟೆ. 2.5 ಸ್ಕ್ವೇರ್ ಎಂಎಂ ವೈರು ಹಾಕಿದ್ದೇ ಮೊದಲ ದಡ್ಡತನ: ನಾಲ್ಕು ಮೀಟರ್ ದೂರಕ್ಕೆ 25 ಆಂಪಿಯರ್ ಹರಿದರೆ ಆ ವೈರೊಂದರಲ್ಲೇ ಸುಮಾರು 0.7 ವೋಲ್ಟ್ ಕರಗುತ್ತದೆ. 10 ಸ್ಕ್ವೇರ್ ಎಂಎಂ ಆದರೆ 0.2ಕ್ಕೂ ಕಡಿಮೆ. ಪ್ಲಸ್, ಮೈನಸ್ ಎರಡಕ್ಕೂ 10ರದ್ದೇ ಎಳೆದು, ಅರ್ತನ್ನು ಜೀಪಿನ ತಗಡಿಗೆ ಕೊಡದೆ ನೇರ ಬ್ಯಾಟರಿಯ ಮೈನಸ್ಸಿಗೇ ಒಯ್ದೆ. ಲಗ್ಗುಗಳನ್ನು ಕಟಿಂಗ್ ಪ್ಲೇಯರಿನಿಂದ ಜಜ್ಜದೆ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸಿಕೊಂಡು ಬಂದೆ. 40 ಆಂಪಿಯರ್ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇದೆ. ಅದನ್ನು ಮೋಟಾರಿನ ಹತ್ತಿರ ಹಾಕುವವರನ್ನು ಕಂಡಿದ್ದೇನೆ, ಮಧ್ಯದಲ್ಲಿ ವೈರು ತಗಡಿಗೆ ತಾಗಿದರೆ ಆ ಫ್ಯೂಸು ಯಾವುದನ್ನೂ ಕಾಯುವುದಿಲ್ಲ. ಓಡಿಸಿ ಅಳೆದೆ: ಮೋಟಾರಿನಲ್ಲಿ 13.1. ದನಿ ಮೊದಲಿನಂತಾಯಿತು. ವೋಲ್ಟೇಜ್ ಸಾಲದ್ದಕ್ಕೇ ಮೋಟಾರ್ ನಿಧಾನವಾಗಿ, ಹೆಚ್ಚು ಹೊತ್ತು ಓಡಿ, ಕಾದು ನಿಲ್ಲುತ್ತಿತ್ತು.

ಕೆಲಸ ಮುಗಿಯಿತು ಅಂದುಕೊಂಡು ಟೈರಿಗೆ ಗಾಳಿ ಬಿಟ್ಟೆ. ಟ್ಯಾಂಕ್ 85ಕ್ಕೆ ಇಳಿಯಿತು, ರಿಲೇ ಟಕ್ ಅಂತು, ಮೋಟಾರ್ ಒಂದು ಸಲ ಗುರ್ ಅಂದು ಸುಮ್ಮನಾಯಿತು. ಫ್ಯೂಸ್ ಢಮಾರ್. ಹೊಸ ಫ್ಯೂಸ್ ಹಾಕಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಶುರು ಮಾಡಿದರೆ ಚೆನ್ನಾಗಿ ಓಡುತ್ತದೆ. ಟ್ಯಾಂಕಿನಲ್ಲಿ ಗಾಳಿ ಇದ್ದಾಗ ಮಾತ್ರ ಏಳುವುದಿಲ್ಲ.

ಟ್ಯಾಂಕ್ ತುಂಬಿಸಿ ಸ್ವಿಚ್ ಆಫ್ ಮಾಡಿ ಗೇಜ್ ನೋಡುತ್ತಾ ಕೂತೆ. ಹತ್ತು ನಿಮಿಷಕ್ಕೆ 105 ಇದ್ದದ್ದು 80. ಸೋಪಿನ ನೀರು ಮಾಡಿಕೊಂಡು ಎಲ್ಲಾ ಜಾಯಿಂಟಿಗೆ ಬ್ರಷ್ಷಿನಲ್ಲಿ ಹಚ್ಚಿದೆ. ಎಲ್ಲೂ ಹೇಳಿಕೊಳ್ಳುವಂಥ ಗುಳ್ಳೆ ಇಲ್ಲ. ಹೊರಗೆ ಹೋಗದ ಗಾಳಿ ಮತ್ತೆಲ್ಲಿ ಹೋಗಬೇಕು? ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿರಬೇಕು. ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಫಿಲ್ಟರಿನ ಬಾಯಿಗೆ ಒದ್ದೆ ಬೆರಳು ಹಿಡಿದೆ. ತಣ್ಣಗೆ, ಸಣ್ಣಗೆ ಗಾಳಿ ಊದುತ್ತಿತ್ತು.

ಹೊಳೆ ಪಂಪ್‌ಸೆಟ್ಟಿನ ಫುಟ್‌ವಾಲ್ವಿಗೆ ಎಲೆ ಸಿಕ್ಕಿಕೊಂಡರೆ ಪೈಪಿನ ನೀರೆಲ್ಲ ಇಳಿದುಹೋಗುವುದಿಲ್ಲವೇ, ಇದೂ ಅದೇ. ಕಂಪ್ರೆಸರಿಗೂ ಟ್ಯಾಂಕಿಗೂ ನಡುವೆ ಗಾಳಿಯನ್ನು ಒಂದೇ ಕಡೆಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಒಂದಿರುತ್ತದೆ. ಅದು ಹಿಡಿಯದಿದ್ದರೆ ಟ್ಯಾಂಕಿನ ಒತ್ತಡವೆಲ್ಲ ಪಿಸ್ಟನ್ ತಲೆಯ ಮೇಲೆ ಕೂರುತ್ತದೆ. ಮೋಟಾರ್ ನಿಂತಲ್ಲಿಂದ ಆ ಹೊರೆ ಹೊತ್ತು ಏಳಲಾರದೆ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ, ಫ್ಯೂಸ್ ಹೋಗುತ್ತದೆ. ಇಲ್ಲಿ 60 ಆಂಪಿಯರ್ ಫ್ಯೂಸ್ ಹಾಕಿ ಜಯಿಸಲು ಹೋಗಿದ್ದರೆ ಮೋಟಾರನ್ನೇ ಸುಟ್ಟುಕೊಳ್ಳುತ್ತಿದ್ದೆ.

ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು ವಾಲ್ವ್ ಬಿಚ್ಚಿದೆ. ಒಳಗಿನ ಪುಟ್ಟ ಸ್ಪ್ರಿಂಗು, ರಬ್ಬರ್ ಬಿಲ್ಲೆ ಎರಡೂ ಚೆನ್ನಾಗಿಯೇ ಇದ್ದವು. ಬಿಲ್ಲೆ ಕೂರುವ ಅಂಚಿನ ಮೇಲೆ ಮಾತ್ರ ಅಕ್ಕಿಕಾಳಿನಷ್ಟು ಬಿಳಿ ನಾರು ಅಂಟಿಕೊಂಡಿತ್ತು. ಕೂದಲು ಕೀಳುವ ಚಿಮಟದಲ್ಲಿ ಎಳೆದರೆ ಉದ್ದಕ್ಕೆ ಬಂತು. ಜಾಯಿಂಟ್ ಸೋರದಿರಲೆಂದು ಸುತ್ತುವ ಟೆಫ್ಲಾನ್ ಟೇಪು! ಕೂರಿಸುವಾಗ ಹೋಸ್ ಪೈಪಿನ ಮರೆಗೆ (ತಿರುಪಿನ ಸುತ್ತುಗೆರೆಗಳಿಗೆ) ಉದಾರವಾಗಿ, ತುದಿಯವರೆಗೂ ಸುತ್ತಿದವನು ನಾನೇ. ತುದಿಯ ಎರಡು ಸುತ್ತು ಮರೆ ಬಿಟ್ಟು ಸುತ್ತಬೇಕಿತ್ತು. ತುದಿಯಲ್ಲಿ ಸುತ್ತಿದ್ದು ಒಳಗಿನ ಗಾಳಿಗೆ ಕಿತ್ತುಬಂದು ಹೀಗೆ ತೂರಿಕೊಳ್ಳುತ್ತದೆ. ಭಾಮೈದನಿಗೆ ಇದನ್ನು ಹೇಳಿಲ್ಲ.

ವಾಲ್ವ್ ತೊಳೆದು, ಈ ಸಲ ಟೇಪಿನ ಬದಲು ಮರೆಗೆ ಹಚ್ಚುವ ಅಂಟು ಹಾಕಿ ಬಿಗಿದೆ. ಬಿಚ್ಚಿದ್ದೇ ಬಿಚ್ಚಿದೆ ಎಂದು ಟ್ಯಾಂಕಿನ ಅಡಿಯ ಡ್ರೈನ್ ತಿರುಪೂ ತೆಗೆದರೆ ಕಾಫಿ ಡಿಕಾಕ್ಷನ್ ಬಣ್ಣದ ನೀರು ಅರ್ಧ ಲೋಟ ಬಂತು. ಮಳೆಗಾಲದ ಗಾಳಿಯನ್ನು ಒತ್ತಿ ತುಂಬಿದರೆ ಅದರ ತೇವವೆಲ್ಲ ಅಲ್ಲೇ ನೀರಾಗುತ್ತದೆ. ಈಗ ಜೂನಿನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತಿರುಪು ಸಡಿಲಿಸುತ್ತೇನೆ.

ಆಗಿನಿಂದ ಫ್ಯೂಸ್ ಹೋಗಿಲ್ಲ. ತುಂಬಿಸಿಟ್ಟ ಟ್ಯಾಂಕು ಬೆಳಿಗ್ಗೆ ಹತ್ತು ಪಿಎಸ್‌ಐ ಇಳಿದಿರುತ್ತದೆ. ಸೋಪಿನ ನೀರಿಗೆ ಹೋಸ್ ಸಿಕ್ಕಿಸುವ ಕ್ವಿಕ್ ಕಪ್ಲರಿನ ಕುತ್ತಿಗೆಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಗುಳ್ಳೆ ಏಳುತ್ತದೆ. ಆ ಅಳತೆಯ ರಬ್ಬರ್ ಓ-ರಿಂಗ್ ಮೂಡಿಗೆರೆಯಲ್ಲಿ ಸಿಗಲಿಲ್ಲ, ಹಾಸನಕ್ಕೆ ಹೋದಾಗ ತರಬೇಕು.