ರಸ್ತೆಯ ಮೂಲೆಯಲ್ಲಿ ನಾನು ಕಲಿತದ್ದು

ನಗರಸಭೆಯ ಎಂಜಿನಿಯರ್ ಆಗಿ ಕಾರು ಬಳಕೆ ತಗ್ಗಿಸಲು ನಾನು ಮೊದಲು ಏರ್ಪಡಿಸಿದ್ದು ಸೈಕಲ್ ಜಾಥಾ. ಭಾನುವಾರ ರಸ್ತೆ ತುಂಬ ಸೈಕಲ್. ಸೋಮವಾರ ಅದೇ ಜನ ಕಾರಿನಲ್ಲಿ. ಅವರಿಗೆ ಮನಸ್ಸಿರಲಿಲ್ಲವೆಂದಲ್ಲ, ನಾವು ದಾರಿ ಕೊಟ್ಟಿರಲಿಲ್ಲ.

ಆಮೇಲೆ ಒಂದು ವಾರ, ಶಾಲೆ ಬಿಡುವ ಹೊತ್ತಿಗೆ ಹೋಗಿ ಕೂಡುರಸ್ತೆಯಲ್ಲಿ ನಿಂತೆ. ಮೂಲೆಯ ತಿರುವು ವಿಶಾಲವಾಗಿದ್ದುದರಿಂದ ವಾಹನಗಳು ವೇಗ ತಗ್ಗಿಸದೆಯೇ ಹೊರಳುತ್ತಿದ್ದವು. ಮಗುವಿನ ಕೈ ಹಿಡಿದ ತಾಯಿಯೊಬ್ಬರು ಮೂರು ಸಲ ರಸ್ತೆಗಿಳಿದು ಮೂರು ಸಲವೂ ಹಿಂದೆ ಸರಿದರು. ಆ ತಿರುವಿನ ನಕ್ಷೆಗೆ ಸಹಿ ಹಾಕಿದವನು ನಾನೇ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕಾಂಕ್ರೀಟ್ ಹಾಕುವ ಮುನ್ನ ಬರೀ ಬಣ್ಣ ಬಳಿದು, ಬಾಗುವ ಪ್ಲಾಸ್ಟಿಕ್ ಕಂಬ ನೆಟ್ಟು ಮೂಲೆಯನ್ನು ಮುಂದಕ್ಕೆ ತಂದೆವು. ತಿರುವು ಬಿಗಿಯಾಯಿತು, ದಾಟುವ ಅಗಲ ಕಿರಿದಾಯಿತು. ಎರಡನೇ ದಿನ ಬಸ್ಸಿನ ಹಿಂಬದಿ ಒಂದು ಕಂಬಕ್ಕೆ ತಗುಲಿತು. ಅರ್ಧ ಗಂಟೆಯಲ್ಲಿ ಕಿತ್ತು ಬೇರೆಡೆ ನೆಟ್ಟೆವು. ಕಾಂಕ್ರೀಟ್ ಆಗಿದ್ದರೆ ಅದಕ್ಕೆ ಹೊಸ ಟೆಂಡರ್ ಬೇಕಾಗುತ್ತಿತ್ತು. 30 ಕಿ.ಮೀ. ಮಿತಿಯ ಫಲಕವನ್ನೂ ಹಾಕಿದೆವು, ಆದರೆ ಫಲಕವೊಂದನ್ನೇ ನಂಬಲಿಲ್ಲ: ವಾಹನ ಪಥವನ್ನು 3.5 ಮೀಟರಿನಿಂದ 3 ಮೀಟರಿಗೆ ಇಳಿಸಿದೆವು. 50 ಕಿ.ಮೀ. ವೇಗದ ಕಾರಿನ ಚಲನಶಕ್ತಿ, 30ರಲ್ಲಿರುವ ಅದೇ ಕಾರಿನದಕ್ಕಿಂತ ಸುಮಾರು 2.8 ಪಟ್ಟು. ಸಭೆಯಲ್ಲಿ ಯಾರಾದರೂ ವೇಗದ ಮಿತಿಯನ್ನು ಆಕ್ಷೇಪಿಸಿದಾಗಲೆಲ್ಲ ಈ ಲೆಕ್ಕವನ್ನೇ ಬರೆದು ತೋರಿಸುತ್ತಿದ್ದೆ.

ಕಷ್ಟವಾದದ್ದು ಅಂಗಡಿಗಳ ಮುಂದಿನ ಕಾರು ಪಾರ್ಕಿಂಗ್ ಜಾಗವನ್ನು ಸೈಕಲ್ಲಿಗೆ ಬಿಡಿಸುವುದು. ಒಂದು ಕಾರು ನಿಲ್ಲುವ ಸುಮಾರು 12 ಚದರ ಮೀಟರಿನಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ ಎಂದರೂ ಅಂಗಡಿಯವರು ಒಪ್ಪಲಿಲ್ಲ. ಒಬ್ಬೊಬ್ಬರ ಹತ್ತಿರವೂ ಕುಳಿತು ಮಾತಾಡಿದ ಮೇಲೆ ತಿಳಿಯಿತು, ಅವರ ನಿಜವಾದ ಚಿಂತೆ ಸರಕು ಇಳಿಸುವ ಗಾಡಿಯದು. ಬೆಳಗಿನ ಹೊತ್ತು ಅದಕ್ಕೆಂದೇ ಜಾಗ ಗುರುತಿಸಿ, ಆರು ತಿಂಗಳ ಪ್ರಯೋಗವೆಂದು ಲಿಖಿತವಾಗಿ ಕೊಟ್ಟೆವು. ಅವಧಿ ಮುಗಿದಾಗ ಹಳೆಯ ವ್ಯವಸ್ಥೆ ಬೇಕೆಂದು ಯಾರೂ ಅರ್ಜಿ ಹಾಕಲಿಲ್ಲ.

ಬಿಡಿಬಿಡಿಯಾದ ಸೈಕಲ್ ಪಥಗಳಿಗೆ ಹಣ ಸುರಿಯುವುದು ವ್ಯರ್ಥವೆಂಬುದು ನನ್ನ ದೃಢ ಅಭಿಪ್ರಾಯ. ಸ್ಪೇನಿನ ಸೆವಿಲ್ ನಗರ 2006ರಿಂದ ಕೆಲವೇ ವರ್ಷಗಳಲ್ಲಿ ಒಂದಕ್ಕೊಂದು ಕೂಡಿದ ಜಾಲವನ್ನೇ ಕಟ್ಟಿತು. ಸೈಕಲ್ ಸಂಚಾರ ಹಲವು ಪಟ್ಟು ಬೆಳೆಯಿತು. ನಮ್ಮ ಜಾಲದಲ್ಲಿ ಇನ್ನೂ ಕೂಡದೆ ಉಳಿದಿರುವುದು ಒಂದು ಸೇತುವೆ. ಈ ವಾರ ಅದರ ಅಗಲ ಅಳೆಯುತ್ತಿದ್ದೇವೆ.